ಮೇಲೇಳುವ ಬಾಗಿಲು, ಕೆಳಗಿಳಿಯುವ ವಿವೇಕ

ಸಮಾಜಬಾಂಧವರಲ್ಲಿ ಮೊದಲಿಗೇ ಒಂದು ವಿಜ್ಞಾಪನೆ. ಈ ಲೇಖನದ ವಿಷಯವನ್ನು ಕಂಡು, ‘ಇದೇನು, ನೀತಿವಿಚಾರದ ಪತ್ರಿಕೆಯಲ್ಲಿ ಕಾರಿನ ಬಾಗಿಲಿನ ಚರ್ಚೆ!’ ಎಂದು ದಯಮಾಡಿ ಪುಟ ತಿರುವಬೇಡಿ. ಸ್ಪೋರ್ಟ್ಸ್ ಕಾರಿನ ಬಾಗಿಲು ಪಕ್ಕಕ್ಕೆ ತೆರೆಯಬೇಕೋ ಆಕಾಶದ ಕಡೆಗೆ ಏಳಬೇಕೋ ಎಂಬುದು ಹುಡುಗರ ಹರಟೆಯ ವಿಷಯವೆಂದೇ ನಾನೂ ಕಳೆದ ವರ್ಷದವರೆಗೆ ಭಾವಿಸಿದ್ದೆ. ಆದರೆ ಸರಿಯಾಗಿ ಕೆಲಸ ಮಾಡುತ್ತಿದ್ದ ಗಟ್ಟಿ ಬಾಗಿಲನ್ನು ಕಿತ್ತು, ಅದು ಮೇಲಕ್ಕೇಳುವಂತೆ ಮಾಡಿಸುವ ಚಾಳಿ ಈಗ ನಮ್ಮ ಮನೆಗಳೊಳಗೇ ಬಂದಿದೆ. ಅದಕ್ಕೆ ಹಣ ಕೊಡುವವರು ನಾವು, ಅದನ್ನು ಕಂಡು ಚಪ್ಪಾಳೆ ತಟ್ಟುವವರು ನಾವು, ಅದರಿಂದ ಪೆಟ್ಟು ತಿನ್ನುವವರೂ ನಮ್ಮವರೇ. ಆದುದರಿಂದ ಇದನ್ನು ಬರೆಯುವುದು ಕರ್ತವ್ಯವೆಂದು ತಿಳಿದಿದ್ದೇನೆ. ಇದು ನನ್ನ ತಪ್ಪೊಪ್ಪಿಗೆಯೂ ಹೌದು.

ನನ್ನ ತಂಗಿಯ ಮಗ ಎಂಜಿನಿಯರ್. ಒಳ್ಳೆಯ ಹುಡುಗ, ದುಡಿದು ತಿನ್ನುವವನು, ದುಶ್ಚಟಗಳಿಲ್ಲದವನು. ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಬಹುಕಾಲದ ಆಸೆಯಿಂದ ಕೊಂಡ. ಅಲ್ಲಿಯವರೆಗೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಕೊಂಡು ಮೂರು ತಿಂಗಳಾಗುವಷ್ಟರಲ್ಲಿ, ನಮ್ಮ ಭಾಗದ್ದೇ ಒಂದು ಗ್ಯಾರೇಜಿಗೆ ಕೊಟ್ಟು ಅದರ ಎರಡೂ ಬಾಗಿಲುಗಳು ಮೇಲಕ್ಕೆ ತೆರೆಯುವಂತೆ ಮಾಡಿಸಿದ. ಗ್ಯಾರೇಜಿನವರು ಇದನ್ನು ‘ಲ್ಯಾಂಬೊ ಡೋರ್’ ಎನ್ನುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಆ ಕಾರು ಬಸವೇಶ್ವರನಗರದ ನಮ್ಮ ಮನೆಯ ಮುಂದೆ ಬಂದು ನಿಂತು ಬಾಗಿಲುಗಳು ಮೇಲೆದ್ದಾಗ ಬೀದಿಯ ಮಕ್ಕಳೆಲ್ಲ ಕೂಗುತ್ತ ಓಡಿಬಂದರು. ‘ಹೇಗಿದೆ ಮಾಮ?’ ಎಂದು ಕೇಳಿದ. ‘ಗರುಡ ರೆಕ್ಕೆ ಬಿಚ್ಚಿದ ಹಾಗಿದೆಯಪ್ಪ’ ಎಂದೆ. ಕೈಯಾರೆ ಹೂವಿನ ಹಾರ ಹಾಕಿದೆ. ಐನೂರರ ನೋಟೊಂದನ್ನು ಅವನ ಜೇಬಿಗಿಟ್ಟೆ. ಆ ಕೆಲಸ ಯಾರು ಮಾಡಿದರು, ಹೇಗೆ ಮಾಡಿದರು, ಏನನ್ನು ಕೊಯ್ದರು ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಲವತ್ತು ವರ್ಷ ರಾಜಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸಿ, ಬಾಗಿಲಿನ ಕೀಲುಗಳನ್ನು ಮಾರಿಯೇ ಸಂಸಾರ ಸಾಕಿದ ನಾನು ಕೇಳಲಿಲ್ಲ.

ನಾಲ್ಕು ತಿಂಗಳು ಕಳೆದವು. ಪುಷ್ಯಮಾಸದ ಒಂದು ಚಳಿಯ ಮುಂಜಾನೆ ವಿಜಯನಗರದ ಕಲ್ಯಾಣ ಮಂಟಪವೊಂದರ ಅಂಗಳದಲ್ಲಿ ತಂಗಿ ಆ ಕಾರಿನಿಂದ ಇಳಿಯುತ್ತಿದ್ದಳು. ಕಾರು ನೆಲಮಟ್ಟದ್ದಾದ್ದರಿಂದ, ಬಾಗಿಲಿನ ಕೆಳಗಿನ ಹೊಸ್ತಿಲಿನಂಥ ಪಟ್ಟಿಯ ಮೇಲೆ ಬಲಗೈ ಊರಿ ಮೇಲೇಳಬೇಕಾಗಿತ್ತು. ತಲೆಯ ಮೇಲೆ ನಿಂತಿದ್ದ ಬಾಗಿಲು ಇದ್ದಕ್ಕಿದ್ದಂತೆ ಇಳಿದು ಆ ಕೈಯ ಮೇಲೆ ಬಿತ್ತು. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡಳು. ‘ಅಣ್ಣ, ಕೈ ಹೋಯಿತು, ತಲೆ ಉಳಿಯಿತಲ್ಲ, ಬಿಡು, ಹುಡುಗನನ್ನು ಬಯ್ಯಬೇಡ’ ಎಂದಳು. ಹುಡುಗನನ್ನು ಬಯ್ಯುವ ಅಧಿಕಾರ ನನಗಿರಲಿಲ್ಲ. ಹಾರ ಹಾಕಿದವನು ನಾನು.

ಆ ಮೇಲೆ ಈ ವಿಷಯವನ್ನು ವಿಚಾರಿಸಿ ತಿಳಿದುಕೊಂಡೆ. ಮೂಲವನ್ನರಿಯದೆ ಯಾವುದನ್ನೂ ಖಂಡಿಸುವುದು ನ್ಯಾಯವಲ್ಲವಷ್ಟೆ. ತಿಳಿದುಕೊಂಡಾಗ ಅಚ್ಚರಿಯಾಯಿತು. ಮೇಲಕ್ಕೆ ತೆರೆಯುವ ಬಾಗಿಲು ಹುಟ್ಟಿದ್ದು ಆಡಂಬರದಿಂದಲ್ಲ, ಅವಶ್ಯಕತೆಯಿಂದ. 1952ರಲ್ಲಿ ಜರ್ಮನಿಯ ಮರ್ಸಿಡಿಸ್ ಸಂಸ್ಥೆ 300 ಎಸ್‌ಎಲ್ ಎಂಬ ಪಂದ್ಯದ ಕಾರನ್ನು ನಿರ್ಮಿಸಿತು. ಹಗುರವಾಗಿಯೂ ಗಟ್ಟಿಯಾಗಿಯೂ ಇರಲೆಂದು ಅದರ ಚೌಕಟ್ಟನ್ನು ತೆಳುವಾದ ಉಕ್ಕಿನ ಕೊಳವೆಗಳನ್ನು ಹೆಣೆದು ಮಾಡಿದ್ದರು. ಆ ಹೆಣಿಗೆ ಕಾರಿನ ಪಕ್ಕದಲ್ಲಿ ಎಷ್ಟು ಎತ್ತರಕ್ಕೆ ಬಂದಿತೆಂದರೆ, ಸಾಮಾನ್ಯ ಬಾಗಿಲನ್ನಿಡಲು ಅಲ್ಲಿ ಸ್ಥಳವೇ ಉಳಿಯಲಿಲ್ಲ. ಆದ್ದರಿಂದ ಕೀಲನ್ನು ಮಾಳಿಗೆಗೆ ಕೂರಿಸಿ ಬಾಗಿಲನ್ನು ಮೇಲಕ್ಕೆತ್ತಿದರು. 1954ರಲ್ಲಿ ಅದೇ ಹೆಸರಿನ ಕಾರು ಸಾರ್ವಜನಿಕರ ಕೈಗೆ ಬಂದಾಗ, ಹಾರುವ ಕಡಲಹಕ್ಕಿಯ ರೆಕ್ಕೆಗಳಂತೆ ಕಂಡ ಆ ಬಾಗಿಲುಗಳು ಲೋಕಪ್ರಸಿದ್ಧವಾದವು.

ಕತ್ತರಿಯಂತೆ ಮುಂದಿನ ಕೀಲಿನ ಮೇಲೆಯೇ ತಿರುಗಿ ಮೇಲೇಳುವ ಬಗೆಯ ಬಾಗಿಲು ಬಂದದ್ದು ಇಟಲಿಯಿಂದ. ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಂದೀನಿ ಎಂಬ ವಿನ್ಯಾಸಕಾರ 1968ರಲ್ಲಿ ಆಲ್ಫಾ ರೋಮಿಯೊದ ಕರಾಬೊ ಎಂಬ ಪ್ರದರ್ಶನದ ಕಾರಿಗೆ ಇದನ್ನು ಮೊದಲು ಅಳವಡಿಸಿದರು. 1971ರಲ್ಲಿ ಜಿನೀವಾದಲ್ಲಿ ತೋರಿಸಿ 1974ರಿಂದ ಮಾರಾಟಕ್ಕೆ ಬಿಟ್ಟ ಲ್ಯಾಂಬೊರ್ಗಿನಿ ಕೌಂಟಾಶ್ ಕಾರಿಗೂ ಅವರದೇ ವಿನ್ಯಾಸ. ಆ ಕಾರು ಬಹಳ ಅಗಲ. ಹಿಂದೆ ದೊಡ್ಡ ಎಂಜಿನ್ ಇದ್ದುದರಿಂದ ಹಿಂದಿನ ದಾರಿ ಕಾಣುವುದೇ ಕಷ್ಟ. ಪಕ್ಕಕ್ಕೆ ತೆರೆಯುವ ಉದ್ದನೆಯ ಬಾಗಿಲಿಗೆ ಬೀದಿಯಲ್ಲಿ ಸ್ಥಳ ಸಾಲದು. ಬಾಗಿಲು ಮೇಲೆದ್ದರೆ, ಚಾಲಕನು ಹೊಸ್ತಿಲ ಮೇಲೆ ಕುಳಿತು ಮೈ ಹೊರಚಾಚಿ ಹಿಂದಕ್ಕೆ ನೋಡುತ್ತ ಕಾರನ್ನು ಹಿಂದೆ ಸರಿಸಬಹುದು. ಆ ಬಾಗಿಲು ಒಂದು ಪ್ರಶ್ನೆಗೆ ಬಂದ ಉತ್ತರ. ನಮ್ಮ ಹುಡುಗರು ಪ್ರಶ್ನೆಯನ್ನು ಇಟಲಿಯಲ್ಲೇ ಬಿಟ್ಟು ಉತ್ತರವನ್ನು ಮಾತ್ರ ತಂದು ಅಂಟಿಸಿಕೊಳ್ಳುತ್ತಿದ್ದಾರೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಯಾವ ಕಂಪನಿಯ ಹೆಸರಿನಿಂದ ಈ ಬಾಗಿಲು ಪ್ರಖ್ಯಾತವಾಯಿತೋ ಆ ಲ್ಯಾಂಬೊರ್ಗಿನಿಯವರೇ ಇದನ್ನು ತಮ್ಮ ಎಲ್ಲ ಕಾರುಗಳಿಗೂ ಇಡುವುದಿಲ್ಲ. ಕೌಂಟಾಶ್, ಡಿಯಾಬ್ಲೊ, ಮುರ್ಸಿಯೆಲಾಗೊ, ಅವೆಂಟಡೋರ್, 2023ರ ರೆವುಯೆಲ್ಟೊ ಹೀಗೆ ಹನ್ನೆರಡು ಸಿಲಿಂಡರಿನ ಹಿರಿಯ ಕಾರುಗಳ ಸಾಲಿಗಷ್ಟೇ ಅದು ಮೀಸಲು. ಅದೇ ಕಂಪನಿಯ ಗಲ್ಲಾರ್ಡೊ, ಹುರಕಾನ್, ಉರುಸ್ ಕಾರುಗಳು ಕೋಟಿಗಟ್ಟಲೆ ಬೆಲೆಯವಾದರೂ ಅವುಗಳ ಬಾಗಿಲು ನಮ್ಮ ನಿಮ್ಮ ಕಾರಿನ ಬಾಗಿಲಿನಂತೆ ಪಕ್ಕಕ್ಕೇ ತೆರೆಯುತ್ತದೆ. ಸೃಷ್ಟಿಸಿದವರು ತಮ್ಮ ಕಿರಿಯ ಕಾರಿಗೂ ಇಡದ ಬಾಗಿಲನ್ನು ಕಾಮಾಕ್ಷಿಪಾಳ್ಯದ ಕಡೆ ಯಾವುದೋ ಶೀಟಿನ ಛಾವಣಿಯಡಿ ಇನ್ಯಾವುದೋ ಕಾರಿಗೆ ಇಡಿಸುವುದೆಂದರೆ, ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆಗೆ ಬೇರೆ ನಿದರ್ಶನ ಬೇಕಿಲ್ಲ.

ಈಗ ಈ ಮಾರ್ಪಾಟನ್ನು ಮಾಡುವ ವಿಧಾನವನ್ನು ನೋಡೋಣ. ಕಾರಿನ ಬಾಗಿಲಿಗೆ ಸಾಮಾನ್ಯವಾಗಿ ಮೇಲೊಂದು ಕೆಳಗೊಂದು ಎರಡು ಕೀಲುಗಳಿರುತ್ತವೆ. ಹಿಂಜು ಎಂದು ನಾವು ಅಂಗಡಿಯಲ್ಲಿ ಮಾರುವುದರ ಬಂಧುಗಳೇ ಅವು. ಈ ಎರಡರ ನಡುವಣ ಅಂತರವೇ ಬಾಗಿಲಿನ ಭಾರವನ್ನು ಹಂಚಿ ಹೊರುವುದು. ತೇಗದ ಬಾಗಿಲು ಮಾಡಿಸುವವರು ಬಂದರೆ ಬಾಗಿಲಿನ ಎತ್ತರವೆಷ್ಟು, ದಪ್ಪವೆಷ್ಟು ಎಂದು ಕೇಳಿ, ‘ಎರಡು ಸಾಲದು ಸ್ವಾಮಿ, ಮೂರು ಹಾಕಿಸಿ’ ಎಂದು ಹೇಳುವುದು ನಮ್ಮ ವೃತ್ತಿಧರ್ಮ. ಲ್ಯಾಂಬೊ ಡೋರಿನ ಕಿಟ್ಟಿನಲ್ಲಿ ಆ ಎರಡು ಕೀಲುಗಳನ್ನು ಕಳಚಿ, ಅವಿದ್ದೆಡೆ ಒಂದು ಉಕ್ಕಿನ ಫಲಕವನ್ನು ಬಿಗಿದು, ಬಹುಮಟ್ಟಿಗೆ ಒಂದೇ ತಿರುಗುಬಿಂದುವಿನ ಮೇಲೆ ಇಡೀ ಬಾಗಿಲನ್ನು ತೂಗುಹಾಕುತ್ತಾರೆ. ಎರಡು ಬಾಗಿಲಿನ ಕಾರಾದ್ದರಿಂದ ಬಾಗಿಲೂ ಉದ್ದ, ಭಾರವೂ ಅಧಿಕ. ಬಾಗಿಲಿನ ಮುಂದಿನ ಮೂಲೆ ತಗುಲದಿರಲೆಂದು ಮುಂಚಕ್ರದ ಮೇಲಿನ ಫೆಂಡರಿನ ಒಳಅಂಚನ್ನು ಕೊಯ್ಯುತ್ತಾರೆ. ಕಿಟಕಿಯ ಗಾಜಿಗೂ ಬೀಗಕ್ಕೂ ಹೋಗುವ ತಂತಿಗಳನ್ನು ಕತ್ತರಿಸಿ ಜೋಡಿಸಿ ಉದ್ದ ಮಾಡುತ್ತಾರೆ. ಕೊನೆಗೆ ಬಾಗಿಲನ್ನು ಮೇಲೆ ನಿಲ್ಲಿಸುವ ಹೊಣೆಯನ್ನು ಅನಿಲ ತುಂಬಿದ ಒಂದು ಊರುಗೋಲಿಗೆ, ಅಂದರೆ ಕಾರಿನ ಡಿಕ್ಕಿಯ ಮುಚ್ಚಳವನ್ನು ಎತ್ತಿ ಹಿಡಿಯುವಂಥ ಗ್ಯಾಸ್ ಸ್ಟ್ರಟ್‌ಗೆ, ಒಪ್ಪಿಸುತ್ತಾರೆ.

ಆ ಊರುಗೋಲಿನೊಳಗಿನ ಅನಿಲ ಕಾಲಕ್ರಮದಲ್ಲಿ ಸೋರುತ್ತದೆ. ಚಳಿಯಲ್ಲಿ ಅದರ ಒತ್ತಡ ಇನ್ನೂ ಕುಗ್ಗುತ್ತದೆ. ಡಿಕ್ಕಿಯ ಮುಚ್ಚಳ ತಾನಾಗಿ ಇಳಿಯತೊಡಗಿದ ಅನುಭವ ಹಳೆಯ ಕಾರಿನ ಒಡೆಯರಿಗೆಲ್ಲ ಇದೆ. ಮುಚ್ಚಳದ ಕೆಳಗೆ ಸಾಮಾನಿನ ಗಂಟಿರುತ್ತದೆ; ಮೇಲೆದ್ದ ಬಾಗಿಲಿನ ಕೆಳಗೆ ಮನುಷ್ಯರಿರುತ್ತಾರೆ. ನನ್ನ ತಂಗಿಯ ಕೈ ಮುರಿದ ರಹಸ್ಯ ಇಷ್ಟೇ.

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಕಾರಿನ ಬಾಗಿಲೆಂದರೆ ಒಳಹೋಗುವ ದಾರಿ ಮಾತ್ರವಲ್ಲ. ಪಕ್ಕದಿಂದ ಇನ್ನೊಂದು ವಾಹನ ಬಂದು ಗುದ್ದಿದಾಗ ನಮಗೂ ಮೃತ್ಯುವಿಗೂ ನಡುವೆ ಇರುವ ಗೋಡೆ. ಅಪಘಾತದಲ್ಲಿ ಬಾಗಿಲು ತೆರೆದುಕೊಂಡು ಒಳಗಿದ್ದವರು ಹೊರಗೆಸೆಯಲ್ಪಡದಿರಲೆಂದು, ಬೀಗ ಮತ್ತು ಕೀಲುಗಳು ಎಷ್ಟು ಬಲವನ್ನು ತಾಳಬೇಕೆಂಬುದಕ್ಕೆ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ 11ನೆಯ ನಿಯಮವೇ ಇದೆ. ತಯಾರಕರು ಆ ಪರೀಕ್ಷೆಯನ್ನು ತಮ್ಮ ಕೀಲುಗಳಿಗೆ ಮಾಡಿಸಿರುತ್ತಾರೆಯೇ ಹೊರತು ಗ್ಯಾರೇಜಿನವನು ತಂದು ಬಿಗಿದ ಫಲಕಕ್ಕಲ್ಲ. ಮತ್ತೂ ಒಂದು ಮಾತು: ಕಾರು ಮಗುಚಿ ತಲೆಕೆಳಗಾಗಿ ಬಿದ್ದರೆ ಮೇಲಕ್ಕೇಳಬೇಕಾದ ಬಾಗಿಲು ಎಲ್ಲಿಗೆ ಏಳಬೇಕು? ನೆಲಕ್ಕೆ! 2010ರಲ್ಲಿ ಮರ್ಸಿಡಿಸ್‌ನವರು ಎಸ್‌ಎಲ್‌ಎಸ್ ಎಂಬ ಕಾರಿಗೆ ಮತ್ತೆ ಮೇಲೇಳುವ ಬಾಗಿಲನ್ನಿಟ್ಟಾಗ, ಕಾರು ಮಗುಚಿದರೆ ಕೀಲಿನ ಬೋಲ್ಟುಗಳು ತಾವೇ ಸಿಡಿದು ಬಾಗಿಲು ಕಳಚಿಕೊಳ್ಳುವಂತೆ ಸ್ಫೋಟಕವನ್ನೇ ಅಳವಡಿಸಿದ್ದರು. ಒಳಗಿರುವವರ ಪ್ರಾಣಕ್ಕಾಗಿ ಅವರು ಅಷ್ಟು ದೂರ ಯೋಚಿಸಿದರು. ನಮ್ಮ ಗ್ಯಾರೇಜಿನಲ್ಲಿ ಯೋಚಿಸಿದವರು ಯಾರು?

ಕಾನೂನಿನ ಮಾತಿಗೆ ಬರೋಣ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಒಡೆಯನು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿ, ಉಚ್ಚ ನ್ಯಾಯಾಲಯ ಕೊಟ್ಟಿದ್ದ ಸಡಿಲಿಕೆಯನ್ನು ರದ್ದುಪಡಿಸಿತು. ಬಣ್ಣ ಬದಲಿಸುವಂಥ ಸಣ್ಣಪುಟ್ಟ ವಿಷಯ ಬೇರೆ, ವಾಹನದ ರಚನೆಯನ್ನು ಬದಲಿಸುವುದು ಬೇರೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಪ್ರಕರಣದಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ‘ಆರ್.ಸಿ.ಯಲ್ಲಿ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ಬರೆದಿಲ್ಲವಲ್ಲ’ ಎಂದು ಜಾಣರು ವಾದಿಸುತ್ತಾರೆ. ಬ್ರೇಕು ಎಷ್ಟಿರಬೇಕೆಂದೂ ಅದರಲ್ಲಿ ಬರೆದಿಲ್ಲ. ಹಾಗೆಂದು ಎರಡನ್ನು ಕಿತ್ತು ಮನೆಯಲ್ಲಿಡುತ್ತೇವೆಯೇ?

ಈ ಕಾನೂನು ಕುರುಡಾದುದೂ ಅಲ್ಲ. ಅಂಗವಿಕಲರು ತಮ್ಮ ದೇಹಸ್ಥಿತಿಗೆ ತಕ್ಕಂತೆ ವಾಹನವನ್ನು ಮಾರ್ಪಡಿಸಿಕೊಂಡು ಬಳಿಕ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಲು 2019ರ ಅದೇ ತಿದ್ದುಪಡಿ ಅವಕಾಶವಿತ್ತಿದೆ. ಕಾಲಿಲ್ಲದವನು ಕೈಯಿಂದ ಬ್ರೇಕು ಹಾಕುವಂತೆ ಮಾಡಿಸಿಕೊಂಡರೆ ಸರ್ಕಾರ ಒಪ್ಪುತ್ತದೆ. ಎರಡು ಕಾಲು ಗಟ್ಟಿಯಾಗಿರುವವನು ಬೀದಿಯ ಜನ ತಿರುಗಿ ನೋಡಲೆಂದು ಬಾಗಿಲು ಕೊಯ್ಸಿದರೆ ಒಪ್ಪುವುದಿಲ್ಲ. ಅವಶ್ಯಕತೆಗೂ ಪ್ರದರ್ಶನಕ್ಕೂ ಇರುವ ಅಂತರವನ್ನು ಶಾಸನವೇ ಗುರುತಿಸಿದೆ, ನಾವು ಗುರುತಿಸಬಾರದೇ?

ಇನ್ನು ವಾದಗಳು. ಮೊದಲನೆಯದು, ‘ಹಣ ನನ್ನದು, ಕಾರು ನನ್ನದು’. ಒಪ್ಪಿದೆ. ಆದರೆ ಪಕ್ಕದ ಆಸನ ನಿನ್ನದಲ್ಲ. ಅಲ್ಲಿ ತಾಯಿ ಕೂರುತ್ತಾಳೆ, ಸ್ನೇಹಿತನ ಮಗು ಕೂರುತ್ತದೆ. ನಾಳೆ ಆ ಕಾರನ್ನು ಕೊಂಡವನು ಕೂರುತ್ತಾನೆ. ಅವರು ಯಾರೂ ಈ ಪ್ರಯೋಗಕ್ಕೆ ಸಮ್ಮತಿ ಕೊಟ್ಟವರಲ್ಲ.

ಎರಡನೆಯದು, ‘ಇಕ್ಕಟ್ಟಿನ ಜಾಗದಲ್ಲಿ ಅನುಕೂಲ’. ಮೂಲ ವಿನ್ಯಾಸದ ಕಾರಿಗೆ ಇದು ಸತ್ಯವೇ. ಕಿಟ್ಟಿನ ಬಾಗಿಲಾದರೋ ಮೊದಲು ಸ್ವಲ್ಪ ಪಕ್ಕಕ್ಕೆ ತೆರೆದು ಆಮೇಲೆ ಮೇಲೇಳುತ್ತದೆ. ಅದಕ್ಕೆ ಪಕ್ಕದಲ್ಲೂ ಸ್ಥಳ ಬೇಕು, ಮೇಲೂ ಬೇಕು. ನಮ್ಮ ಬಡಾವಣೆಗಳ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ತೊಲೆಗಳ ಅಡಿಯಲ್ಲಿ ಅದನ್ನು ತೆರೆದು ನೋಡಿದರೆ ಅನುಕೂಲ ಎಷ್ಟೆಂಬುದು ತಿಳಿಯುತ್ತದೆ.

ಮೂರನೆಯದು, ‘ಇದೊಂದು ಕುಶಲಕಲೆ, ನಾಲ್ಕು ಹುಡುಗರಿಗೆ ಅನ್ನ’. ಈ ಮಾತನ್ನು ನಾನು ಲಘುವಾಗಿ ಕಾಣಲಾರೆ. ಮಾಗಡಿ ರಸ್ತೆಯ ಎರಡು ಪಕ್ಕದ ಗಲ್ಲಿಗಳಲ್ಲಿ ಟಿಂಕರಿಂಗ್, ವೆಲ್ಡಿಂಗ್, ಲೇತ್ ಕೆಲಸ ಮಾಡುವವರ ಕೈಚಳಕ ನನಗೆ ಗೊತ್ತು. ಅವರಲ್ಲಿ ಎಷ್ಟೋ ಜನ ನನ್ನ ಗಿರಾಕಿಗಳು. ಅಪಘಾತದಲ್ಲಿ ಜಜ್ಜಿಹೋದ ಬಾಗಿಲನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮೊದಲಿನಂತೆ ಕೂರಿಸುವವರು ಅಲ್ಲಿದ್ದಾರೆ. ಅಂಥ ಕೈಗೆ ಸರಿಯಿದ್ದುದನ್ನು ಕೆಡಿಸುವ ಕೆಲಸ ಕೊಟ್ಟು, ಅದನ್ನು ಕಲೆಗೆ ಪ್ರೋತ್ಸಾಹವೆಂದು ಕರೆಯುವುದು ಆ ಕೈಗೆ ಮಾಡುವ ಅವಮಾನ.

ನಾಲ್ಕನೆಯ ವಾದವೇ ನನ್ನನ್ನು ನಿಜವಾಗಿ ಚುಚ್ಚಿದ್ದು. ಹುಡುಗನೇ ಕೇಳಿದ: ‘ಮಾಮ, ರಥೋತ್ಸವದಲ್ಲಿ ನಾವು ಮಾಡುವ ಅಲಂಕಾರ ಆಡಂಬರವಲ್ಲವೇ?’ ಎರಡು ದಿನ ಯೋಚಿಸಿ ಉತ್ತರ ಕೊಟ್ಟೆ. ರಥಕ್ಕೆ ಬಣ್ಣದ ಬಟ್ಟೆ ಕಟ್ಟುತ್ತೇವೆ, ಹೂವು ಮುಡಿಸುತ್ತೇವೆ. ಆದರೆ ಚೆಂದ ಕಾಣಲೆಂದು ರಥದ ಅಚ್ಚನ್ನು ಕೊಯ್ಯುವುದಿಲ್ಲ. ಹಗ್ಗ ಹಿಡಿದವರ ಕಾಲಿನ ಮೇಲೆ ಗಾಲಿ ಹರಿಯದಂತೆ ನೋಡುವವರನ್ನು ನಿಲ್ಲಿಸಿ ಆ ಮೇಲೆಯೇ ರಥ ಎಳೆಯುತ್ತೇವೆ. ಅಲಂಕಾರ ಮೇಲಿನದು, ಆಧಾರವನ್ನು ಮುಟ್ಟತಕ್ಕದ್ದಲ್ಲ. ನಿನ್ನ ಕಾರಿಗೆ ಬೇಕಾದ ಬಣ್ಣ ಬಳಿಸು, ನಾನು ಏನೂ ಹೇಳುವುದಿಲ್ಲ. ಕೀಲಿಗೆ ಕೈ ಹಾಕಬೇಡ.

ಈ ವಿಷಯ ನಮ್ಮ ಶ್ರಾವಕಾಚಾರಕ್ಕೆ ಹೊರಗಿನದೂ ಅಲ್ಲ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಲ್ಲಿ ಆಚಾರ್ಯರು ‘ಪ್ರತಿರೂಪಕ ವ್ಯವಹಾರ’ವನ್ನು, ಅಂದರೆ ನಕಲನ್ನು ಅಸಲಿನಂತೆ ನಡೆಸುವುದನ್ನು, ‘ವಿರುದ್ಧ ರಾಜ್ಯಾತಿಕ್ರಮ’ದ ಜೊತೆಯಲ್ಲಿಯೇ ಎಣಿಸಿದ್ದಾರೆ. ಹಿತ್ತಾಳೆಗೆ ಚಿನ್ನದ ಮುದ್ರೆ ಒತ್ತುವುದಕ್ಕೂ ಸಾಮಾನ್ಯ ಕಾರಿಗೆ ಲ್ಯಾಂಬೊರ್ಗಿನಿಯ ಬಾಗಿಲು ತೊಡಿಸುವುದಕ್ಕೂ ವ್ಯಾಪಾರಿಯ ಕಣ್ಣಿಗೆ ಹೆಚ್ಚಿನ ಭೇದ ಕಾಣದು. ಪ್ರಯೋಜನವಿಲ್ಲದೆ ಮಾಡುವ ಹಾನಿಯನ್ನು ‘ಅನರ್ಥದಂಡ’ವೆಂದರು. ಅವಶ್ಯಕತೆಗಾಗಿ ಮಾಡಿದ ಆರಂಭದಲ್ಲೂ ಹಿಂಸೆಯಿದೆ; ಗೃಹಸ್ಥನಿಗೆ ಅದು ಅನಿವಾರ್ಯ. ಯಾವ ಅವಶ್ಯಕತೆಯೂ ಇಲ್ಲದೆ ತಂದುಕೊಂಡ ಅಪಾಯಕ್ಕೆ ಆ ಸಮಾಧಾನವೂ ಇಲ್ಲ.

ವಾಣಿಜ್ಯ ಓದಿದವನಾದ್ದರಿಂದ ಲೆಕ್ಕವನ್ನೂ ಬರೆದು ನೋಡಿದೆ. ಖರ್ಚಿನ ಬಾಬ್ತು: ಕಿಟ್ಟಿಗೂ ಕೂಲಿಗೂ ಒಂದು ಲಕ್ಷ ಎಂಬತ್ತು ಸಾವಿರ, ಆಸ್ಪತ್ರೆಗೆ ಅರವತ್ತೆರಡು ಸಾವಿರ, ಬಾಗಿಲನ್ನು ಮೊದಲಿನಂತೆ ಮಾಡಿಸಲು ಮತ್ತೆ ಒಂದೂವರೆ ಲಕ್ಷ. ವಿಮೆಯ ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಟು ಇದು. ದೊಡ್ಡ ಅಪಘಾತವಾಗಿದ್ದರೆ ಪರಿಹಾರವನ್ನೇ ನಿರಾಕರಿಸಲು ಅವರಿಗೆ ಕಾರಣ ಸಿಗುತ್ತಿತ್ತು. ಜಮಾ ಬಾಬ್ತಿನಲ್ಲಿ ಬರೆಯಲು ಹುಡುಕಿದೆ: ನವರಂಗ್ ವೃತ್ತದಲ್ಲಿ ಅಪರಿಚಿತರು ಮೊಬೈಲಿನಲ್ಲಿ ಹಿಡಿದುಕೊಂಡ ಚಿತ್ರಗಳು, ನನ್ನ ಐನೂರು ರೂಪಾಯಿ. ಶಿಲ್ಕು ಏನೂ ಉಳಿಯಲಿಲ್ಲ.

ಹುಡುಗರನ್ನು ಮಾತ್ರ ದೂರಿ ಲೇಖನಿ ಕೆಳಗಿಡುವುದು ಹಿರಿಯರಿಗೆ ಸುಲಭ. ಆದರೆ ಇದನ್ನು ಅವರಿಗೆ ಕಲಿಸಿದವರು ಯಾರು? ಮದುವೆಯಲ್ಲಿ ಊಟದ ಬಗೆಗಳನ್ನು ಎಣಿಸಿ ಮನೆತನದ ತೂಕ ಅಳೆದವರು ನಾವು. ಮನೆ ಕಟ್ಟಿಸುವಾಗ ಗೋಡೆಯೊಳಗಿನ ಕಬ್ಬಿಣವನ್ನು ಉಳಿಸಿ ಮುಂಬಾಗಿಲಿನ ಕೆತ್ತನೆಗೆ ಸುರಿದವರು ನಾವು; ನನ್ನ ಅಂಗಡಿಯ ಬಿಲ್ಲುಗಳೇ ಇದಕ್ಕೆ ಸಾಕ್ಷಿ. ಕಣ್ಣಿಗೆ ಕಾಣುವುದಕ್ಕೆ ಹಣ, ಕಾಣದ ಆಧಾರಕ್ಕೆ ಜಿಪುಣತನ ಎಂಬ ಪಾಠವನ್ನು ಮಕ್ಕಳು ನಮ್ಮಿಂದಲೇ ಕಲಿತು ಕಾರಿಗೆ ಅನ್ವಯಿಸಿದ್ದಾರೆ.

ಆದುದರಿಂದ ಕೆಲವು ಸೂಚನೆಗಳನ್ನು ನಮ್ರತೆಯಿಂದ ಮುಂದಿಡುತ್ತೇನೆ. ಮನೆಯ ಹಿರಿಯರು ವಾಹನಕ್ಕೆ ಹಾರ ಹಾಕುವ ಮುನ್ನ, ಅದರಲ್ಲಿ ಏನನ್ನಾದರೂ ಕೊಯ್ದಿದ್ದಾರೆಯೇ ಎಂದು ಒಂದು ಮಾತು ಕೇಳಲಿ. ಹಳೆಯ ಕಾರು ಕೊಳ್ಳುವವರು ಬಾಗಿಲಿನ ಕೀಲು ಮತ್ತು ಫೆಂಡರಿನ ಒಳಅಂಚನ್ನು ನಂಬಿಕೆಯ ಮೆಕ್ಯಾನಿಕ್‌ನಿಂದ ಪರೀಕ್ಷಿಸಲಿ. ಕಲ್ಯಾಣ ಮಂಟಪಗಳನ್ನು ನಡೆಸುವ ಟ್ರಸ್ಟುಗಳು, ವಧೂವರರನ್ನು ಕರೆತರಲು ಇಂಥ ಮಾರ್ಪಡಿಸಿದ ಬಾಡಿಗೆ ಕಾರುಗಳಿಗೆ ತಮ್ಮ ಅಂಗಳದಲ್ಲಿ ಪ್ರವೇಶವಿಲ್ಲವೆಂದು ಬಾಡಿಗೆಯ ಷರತ್ತಿನಲ್ಲಿಯೇ ಬರೆಯಲಿ. ಈಗಾಗಲೇ ಮಾಡಿಸಿಕೊಂಡವರು ತಡಮಾಡದೆ ಅದನ್ನು ಮೊದಲಿನ ಸ್ಥಿತಿಗೆ ತರಲಿ. ಅಲ್ಲಿಯವರೆಗೆ ಆ ಬಾಗಿಲಿನ ಕೆಳಗೆ ಮಗುವನ್ನೋ ಮುದುಕರನ್ನೋ ನಿಲ್ಲಿಸದಿರಲಿ.

ತಂಗಿಯ ಮಗ ಯಾರ ಒತ್ತಾಯವೂ ಇಲ್ಲದೆ ತಾನಾಗಿ ಬಾಗಿಲನ್ನು ಮೊದಲಿನಂತೆ ಮಾಡಿಸಲು ಹೊರಟ. ಗ್ಯಾರೇಜಿಗೆ ಹೋಗಿ ಹಳೆಯ ಕೀಲುಗಳನ್ನು ಕೇಳಿದರೆ, ಅವನ್ನು ಎಂದೋ ಗುಜರಿಗೆ ತೂಕ ಹಾಕಿ ಮಾರಿಯಾಗಿತ್ತು. ಹೊಸ ಕೀಲುಗಳನ್ನು ಹೊರದೇಶದಿಂದ ತರಿಸಲು ಎರಡು ತಿಂಗಳು ಕಾದ. ಕೊಯ್ದ ಫೆಂಡರಿಗೆ ತೇಪೆ ಹಾಕಿಸಿದ್ದಾನೆ. ಬಣ್ಣದಡಿಯಲ್ಲಿ ಬೆರಳಾಡಿಸಿದರೆ ಗೆರೆ ಈಗಲೂ ಸಿಗುತ್ತದೆ. ತಂಗಿಯ ಕೈ ಕೂಡಿಕೊಂಡಿದೆ. ಆದರೆ ತುಂಬಿದ ಕೊಡವನ್ನು ಆ ಕೈಯಿಂದ ಎತ್ತಲಾರಳು. ಮೊನ್ನೆ ಅದೇ ಕಾರಿನಲ್ಲಿ ಕೆಂಗೇರಿಯ ಬಂಧುಗಳ ಮನೆಗೆ ಹೋಗಿಬಂದೆವು. ಬಾಗಿಲು ಪಕ್ಕಕ್ಕೆ ತೆರೆಯಿತು. ಯಾರೂ ತಿರುಗಿ ನೋಡಲಿಲ್ಲ. ತಂಗಿ ಎಡಗೈ ಊರಿ ನಿಧಾನವಾಗಿ ಇಳಿದಳು.